ಕಾಯಂ ಕೈ

ಹುಲಿಗೆಮ್ಮನ ಕೈಗಳು ಹದಿಮೂರು ಸಲ ಕಲಿತು ಹದಿಮೂರು ಸಲ ಮರೆತಿದ್ದವು. ಮರೆತದ್ದು ಅವಳ ತಪ್ಪಲ್ಲ. ಮರೆಸುವುದಕ್ಕೆಂದೇ ಒಂದು ಯಂತ್ರವಿತ್ತು, ಯಂತ್ರಕ್ಕೊಂದು ಕೋಣೆಯಿತ್ತು, ಕೋಣೆಯ ಬಾಗಿಲ ಮೇಲೆ 'ಕೌಶಲ ಹಿಂಪಡೆ ಘಟಕ' ಎಂಬ ಬೋರ್ಡಿತ್ತು. ಪಂಪ್‌ಹೌಸಿನ ಜನ ಅದನ್ನು ರಾಟಿ ಅನ್ನುತ್ತಿದ್ದರು. ಹತ್ತಿಯಿಂದ ನೂಲು ತೆಗೆದಂತೆ ಅದು ಕೈಗಳಿಂದ ಕಲಿಕೆಯನ್ನು ಎಳೆ ಎಳೆಯಾಗಿ ತೆಗೆದು ಸುತ್ತಿಕೊಳ್ಳುತ್ತಿತ್ತು.

ಇದೆಲ್ಲ ಶುರುವಾದದ್ದು ಒಂದು ತೀರ್ಪಿನಿಂದ. ವರ್ಷಗಟ್ಟಲೆ ಒಂದೇ ಕೆಲಸ ಮಾಡಿ ಅನುಭವ ಪಡೆದವರನ್ನು ಗುತ್ತಿಗೆಯಲ್ಲೇ ಕೊಳೆಸುವುದು ಅನ್ಯಾಯ, ಅವರನ್ನು ಕಾಯಂ ಮಾಡಿರಿ ಎಂದು ಕೋರ್ಟು ಹೇಳಿತು. ಜನ ಪೇಡೆ ಹಂಚಿದರು. ಜಲ ಮಂಡಳಿಯ ಮೇಲಿನವರು ಆ ಪೇಡೆ ತಿಂದು, ಬಾಯಿ ಒರೆಸಿಕೊಂಡು, ತೀರ್ಪನ್ನು ಇನ್ನೊಮ್ಮೆ ಓದಿದರು. ಅನುಭವ ಇದ್ದವರನ್ನು ತಾನೇ ಕಾಯಂ ಮಾಡಬೇಕು? ಅನುಭವವನ್ನೇ ತೆಗೆದುಬಿಟ್ಟರೆ?

ಅದಕ್ಕೂ ಮೊದಲು ಹನ್ನೊಂದು ತಿಂಗಳಿಗೊಮ್ಮೆ ಒಂದು ದಿನದ ಬ್ರೇಕ್ ಮಾತ್ರ ಇತ್ತು. ಆ ದಿನ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಮರುದಿನ ಹೊಸ ಆರ್ಡರು, ಹೊಸ ಸಹಿ, ಅದೇ ಹಳೆಯ ಪಂಪು. ಸೇವೆ ಸತತವಲ್ಲ ಎಂದು ತೋರಿಸಲು ಅಷ್ಟು ಸಾಕಾಗುತ್ತಿತ್ತು. ತೀರ್ಪಿನ ನಂತರ ಸಾಲಲಿಲ್ಲ. ಆಗ ಬಂತು ಕೈಪಟ್ಟಿ.

ನಾಲ್ಕು ಬೆರಳಗಲದ ಕಪ್ಪು ಪಟ್ಟಿ. ಆರ್ಡರು ಕೊಟ್ಟ ದಿನ ಎರಡೂ ಮಣಿಕಟ್ಟಿಗೆ ಬಿಗಿದು ಸೀಲು ಒತ್ತುತ್ತಾರೆ. ಮಿದುಳಿನಿಂದ ಬೆರಳಿಗೆ ಹೋಗುವ, ಬೆರಳಿನಿಂದ ಮಿದುಳಿಗೆ ಮರಳುವ ನರಗಳ ಮಿಡಿತವನ್ನು ಅದು ಹನ್ನೊಂದು ತಿಂಗಳು ಕೂತು ಕೇಳುತ್ತದೆ. ಬ್ರೇಕಿನ ದಿನ ರಾಟಿಯ ಮುಂದೆ ಕೂರಿಸಿದರೆ ಅದೇ ನರಗಳ ಮೇಲೆ ಉಲ್ಟಾ ಮಿಡಿತ ಹರಿಸಿ, ಆ ಹನ್ನೊಂದು ತಿಂಗಳಲ್ಲಿ ಕೈ ಕಲಿತದ್ದನ್ನೆಲ್ಲ ಬಿಚ್ಚಿಕೊಳ್ಳುತ್ತದೆ. ನೋವಿಲ್ಲ. ಒಂದು ತಾಸು ಕೈ ಜೋಮು ಹಿಡಿದಂತಾಗುತ್ತದೆ, ಅಷ್ಟೇ. ಎದ್ದು ಬಂದವರ ತಲೆಗೆ ಎಲ್ಲ ನೆನಪಿರುತ್ತದೆ. ಕೈಗೆ ಮಾತ್ರ ಏನೂ ಗೊತ್ತಿರುವುದಿಲ್ಲ.

ಕರಾರಿನ ಹದಿನೇಳನೇ ಷರತ್ತು ಚಿಕ್ಕದಾಗಿತ್ತು: 'ಅವಧಿಯಲ್ಲಿ ಕೈಗಳು ಕಲಿತದ್ದೆಲ್ಲ ಮಂಡಳಿಯ ಸ್ವತ್ತು.' ಎಲ್ಲಿ ಕಲಿತದ್ದು ಎಂದು ಬರೆದಿರಲಿಲ್ಲ. ಮೂರನೇ ವರ್ಷ ಹುಲಿಗೆಮ್ಮ ಸಂಜೆ ಶಾಲೆಗೆ ಹೋಗಿ ಅಕ್ಷರ ಕಲಿತಳು. ಹಾಜರಿ ಪುಸ್ತಕದಲ್ಲಿ ಏಳು ತಿಂಗಳು ತನ್ನ ಹೆಸರನ್ನು ತಾನೇ ಬರೆದಳು, ಕೊನೆಯ 'ಮ್ಮ'ಕ್ಕೆ ಒಂದು ಬಾಲ ಎಳೆದು. ಬ್ರೇಕಿನ ಮರುದಿನ ಹೊಸ ಆರ್ಡರಿನ ಮುಂದೆ ಪೆನ್ನು ಹಿಡಿದು ಕೂತರೆ ಬೆರಳುಗಳು ಸತ್ತ ಹಲ್ಲಿಯ ಹಾಗೆ ಬಿದ್ದಿದ್ದವು. ಕಣ್ಣು ಅಕ್ಷರ ಓದುತ್ತಿತ್ತು, ಕೈಗೆ ಬರೆಯಲಾಗುತ್ತಿರಲಿಲ್ಲ. ಗುಮಾಸ್ತ ಮಸಿ ಡಬ್ಬಿಯನ್ನು ಅವಳ ಕಡೆ ತಳ್ಳಿದ. ಹೆಬ್ಬೆಟ್ಟು.

ಅವತ್ತು ಅವಳು ಅತ್ತಿರಲಿಲ್ಲ. ಆ ಡಬ್ಬಿಯ ಬಣ್ಣ ಮಾತ್ರ ನೆನಪಿಟ್ಟುಕೊಂಡಿದ್ದಳು.

*

ಅವಳದು ಗ್ಲ್ಯಾಂಡ್ ಕಟ್ಟುವ ಕೆಲಸ. ಪಂಪಿನ ಶಾಫ್ಟು ಹೊರಬರುವ ಕಡೆ ನೀರು ಚಿಮ್ಮದಂತೆ ಜಿಡ್ಡು ಹಚ್ಚಿದ ಡೋರಿಯನ್ನು ಸುತ್ತಿ ನಟ್ಟು ಬಿಗಿಯಬೇಕು. ಪೂರ್ತಿ ಬಿಗಿದರೆ ಶಾಫ್ಟು ಸುಟ್ಟುಹೋಗುತ್ತದೆ, ಸಡಿಲವಾದರೆ ಪಂಪ್ ಹಾಲ್ ತುಂಬ ನೀರು. ಹನಿ ಬೀಳಬೇಕು. ಒಂದು ಹನಿ, ಒಂದು ಉಸಿರು, ಇನ್ನೊಂದು ಹನಿ. ಆ ಬಿಗಿಯನ್ನು ಯಾವ ಮೀಟರೂ ತೋರಿಸುವುದಿಲ್ಲ. ಅದು ಪಾನಾ ಹಿಡಿದ ಮುಷ್ಟಿಗೆ ಗೊತ್ತಾಗಬೇಕು. ಪ್ರತಿ ವರ್ಷ ಆ ಮುಷ್ಟಿ ಮೊದಲಿನಿಂದ ಕಲಿಯುತ್ತಿತ್ತು, ಬೆರಳು ಜಜ್ಜಿಸಿಕೊಂಡು, ಉಗುರು ಕಪ್ಪಾಗಿಸಿಕೊಂಡು.

ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಅಂಥವರು ಹತ್ತೊಂಬತ್ತು ಮಂದಿ ಇದ್ದರು. ನೀರು ತಿಳಿಯಾಗಿಸಲು ಪಟಿಕ ಕಲಸುವವರು, ವಾಲ್ವು ತಿರುಗಿಸುವವರು, ಕ್ಲೋರಿನ್ ಸಿಲಿಂಡರು ಬದಲಿಸುವವರು. ಹಿಂದಿನ ತಗಡಿನ ಮನೆಗಳ ಸಾಲಿನಲ್ಲೇ ಎಲ್ಲರ ವಾಸ. ಹುಲಿಗೆಮ್ಮ, ಪಟ್ಟಣದ ಚರಂಡಿ ಕೆಲಸಕ್ಕೆ ಹೋಗುವ ಗಂಡ ತಾಯಪ್ಪ, ಮಗಳು ನಾಗಿ ಅಲ್ಲಿನ ಏಳನೇ ಮನೆಯವರು.

ನಾಗಿಗೆ ಒಂಬತ್ತು ವರ್ಷ. ಹುಟ್ಟುವಾಗ ಉಸಿರು ತಡವಾಗಿ ಬಂದು ಕುತ್ತಿಗೆ ನಿಲ್ಲಲಿಲ್ಲ, ಮಾತು ಬರಲಿಲ್ಲ. ಬುದ್ಧಿ ಮಾತ್ರ ಚಾಕುವಿನಂತಿತ್ತು. ತನಗೆ ಸೇರದವರು ಹತ್ತಿರ ಬಂದರೆ ಕಚ್ಚುತ್ತಿದ್ದಳು. ಅದು ಅವಳ ಮಾತು. ಅವಳ ಗಂಟಲು ಸಮಯಕ್ಕೆ ಸರಿಯಾಗಿ ನುಂಗುವುದಿಲ್ಲ, ತುತ್ತು ಶ್ವಾಸನಾಳಕ್ಕೆ ಇಳಿದರೆ ಜೀವಕ್ಕೇ ಕುತ್ತು ಬಂದೀತು. ಎಂಟು ವರ್ಷ ಅವಳಿಗೆ ಉಣಿಸಿದವಳು ಅಜ್ಜಿ ದುರುಗಮ್ಮ. ಕಳೆದ ಬೇಸಿಗೆಯಲ್ಲಿ ತನಗೆ ಇನ್ನು ಹೆಚ್ಚು ದಿನವಿಲ್ಲ ಎಂದು ಗೊತ್ತಾದಾಗ ಆಕೆ ಸೊಸೆಯ ಕೈಮೇಲೆ ಕೈಯಿಟ್ಟು ಕಲಿಸತೊಡಗಿದಳು.

"ಹೆಬ್ಬೆಟ್ಟು ಗದ್ದದ ಕೆಳಗ ಇಡು. ಒತ್ತಬ್ಯಾಡ, ಇಡು ಅಷ್ಟ. ಎರಡು ಬೆರಳು ಗಂಟಲ ಮ್ಯಾಲೆ. ಈಗ ಕಾಯಿ. ಏರತೈತಿ ನೋಡು, ಏರತೈತಿ... ಈಗ ಬಾಗಸು!"

ನಾಗಿ ನುಂಗಿದಳು.

"ಇದೂ ನಿನ್ನ ಪಂಪಿನ ಹನಿ ಇದ್ದಂಗ ಐತಿ, ಹುಲಿಗಿ. ಅವಸರ ಮಾಡಿದಿ ಅಂದ್ರ ಮುಗೀತು."

ನಾಲ್ಕು ತಿಂಗಳು ಹಿಡಿಯಿತು. ಹುಲಿಗೆಮ್ಮನ ಕೈ ಕಲಿಯಿತು, ದುರುಗಮ್ಮ ತೀರಿಕೊಂಡಳು. ಒಂದು ಊಟಕ್ಕೆ ನೂರೈವತ್ತು ಪುಟ್ಟ ತುತ್ತು, ಪ್ರತಿ ತುತ್ತಿಗೂ ಒಂದು ಕಾಯುವಿಕೆ. ಅದು ಮುಗಿಯುವವರೆಗೆ ಹುಲಿಗೆಮ್ಮನ ಕೈ ಅವಳ ಬಾಯಿಗೇ ಬರುತ್ತಿರಲಿಲ್ಲ. ಹಸಿವಾಗಿ ರೊಟ್ಟಿ ಮುರಿದರೂ ಆ ಚೂರು ತನ್ನಷ್ಟಕ್ಕೆ ಮಗಳ ಕಡೆ ಹೋಗುತ್ತಿತ್ತು.

"ನಿನ್ನ ಕೈ ಏನರ ಹರಕಿ ಹೊತ್ತೈತೇನಬೇ?" ಎಂದು ತಾಯಪ್ಪ ನಗುತ್ತಿದ್ದ. "ಕೂಸು ಉಂಡ ಮ್ಯಾಲ ಅದಕ್ಕ ನೀ ನೆನಪಾಕ್ಕಿ."

ಅವನೂ ಉಣಿಸಲು ನೋಡಿದ್ದ. ನಾಗಿ ಕೆಮ್ಮಿ ನೀಲಿಯಾಗಿ, ಉಸಿರು ಬಂದ ಮೇಲೆ ಅವನನ್ನು ಕಚ್ಚಿದ್ದಳು.

*

ನೋಟೀಸು ಅಂಟಿದ್ದು ಒಂದು ಸೋಮವಾರ. ಹತ್ತೊಂಬತ್ತು ಜನರಿಗೂ ಮುಂದಿನ ವಾರ, ಬುಧವಾರ, ಬ್ರೇಕ್. ಈ ಸಲ ಕೆಳಗೆ ಇನ್ನೊಂದು ಸಾಲಿತ್ತು: ಬ್ರೇಕಿನ ನಂತರ ಮರುನೇಮಕ ಇರುವುದಿಲ್ಲ.

ಕಾರಣ ಪಂಪ್ ಹಾಲ್‌ನಲ್ಲಿ ನಿಂತಿತ್ತು. ಹತ್ತೊಂಬತ್ತು ಜಾಗದಲ್ಲಿ ಹತ್ತೊಂಬತ್ತು ಜೊತೆ ಉಕ್ಕಿನ ಕೈಗಳನ್ನು ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ್ದರು. ಬರಿಯ ಕಂಪ್ಯೂಟರಿನಿಂದ ಅವು ನಡೆಯುತ್ತಿರಲಿಲ್ಲ. ಡೋರಿಯ ಬಿಗಿ, ವಾಲ್ವಿನ ನಡುಕ ತಿಳಿಯಲು ಬದುಕಿರುವ ಮನುಷ್ಯನ ನರ ಬೇಕು. ಆ ಮನುಷ್ಯ ಒಬ್ಬನೇ ಸಾಕು. ಕಂಟ್ರೋಲ್ ರೂಮಿನಲ್ಲಿ ಕೂತ ಅವನ ಎರಡು ಕೈಗೆ ಹತ್ತೊಂಬತ್ತು ಜನರ ಕಲಿಕೆಯನ್ನು ಹೊಸೆದು ತುಂಬಿದರೆ, ಅವನ ಕೈ ಹೇಗೆ ಆಡುತ್ತದೋ ಉಕ್ಕಿನ ಕೈಗಳೆಲ್ಲ ಹಾಗೆ ಆಡುತ್ತವೆ. ಆ ಒಬ್ಬನಾಗಲು ಮುಂದೆ ಬಂದವರು ಕಾರ್ಯಪಾಲಕ ಎಂಜಿನಿಯರ್ ಜಂಬುನಾಥ. ಇಪ್ಪತ್ತಾರು ವರ್ಷದ ಕಾಯಂ ಸೇವೆ, ಒಂದು ದಿನದ ಬಿರುಕೂ ಇಲ್ಲ.

ಹುಲಿಗೆಮ್ಮ ಚಪ್ಪಲಿ ಹೊರಗೆ ಬಿಟ್ಟು ಅವರ ಚೇಂಬರಿಗೆ ಹೋದಳು.

"ಸಾಹೇಬ್ರ, ಗ್ಲ್ಯಾಂಡ್ ಕಟ್ಟೋದು ತಗೊಳ್ರಿ. ನಂದೇನು ತಕರಾರಿಲ್ಲ. ಕೂಸಿಗೆ ಉಣಿಸೋದೊಂದು ನನ್ನ ಕೈಯಾಗ ಬಿಟ್ಟುಬಿಡ್ರಿ."

ಜಂಬುನಾಥ ಕಡತದಿಂದ ತಲೆಯೆತ್ತಲಿಲ್ಲ. "ಪಂಪು ಯಾವ್ದು, ಕೂಸಿನ ಗಂಟಲು ಯಾವ್ದು ಅಂತ ಪಟ್ಟಿಗೆ ಹೆಂಗ ಗೊತ್ತಾಗ್ಬೇಕು ಹುಲಿಗೆವ್ವ? ಬಿಚ್ಚಿದ್ರ ಒಟ್ಟ ಬಿಚ್ಚತೈತಿ."

"ಮತ್ತ ಕೂಸಿನ ಗತಿ ಏನ್ರಿ? ಕಲಿಸಿದಾಕಿ ಮಣ್ಣಾಗ ಅದಾಳ."

"ಆಸ್ಪತ್ರ್ಯಾಗ ಮೂಗಿನಾಗ ನಳಿಗಿ ಹಾಕ್ತಾರ. ಹಾಕಸು."

"ಮೊದ್ಲು ಹಾಕಿದ್ರು. ಮೂರು ಸಲ ನ್ಯುಮೋನಿಯಾ ಆಗಿತ್ತು. ಇನ್ನೊಮ್ಮೆ ಆದ್ರ ಉಳಿಯೂದಿಲ್ಲ ಅಂದಾರ ಡಾಕ್ಟ್ರು."

ಈಗ ಅವರು ತಲೆಯೆತ್ತಿದರು. ಕೆಟ್ಟ ಮುಖವೇನಲ್ಲ. ದಿನಾ ಕ್ಷೌರ ಮಾಡಿದ, ಊಟ ತಪ್ಪದ ಮುಖ. "ನೋಡವ್ವ, ನಿನಗ ಒಂದು, ನನಗ ಒಂದು ಅಂತ ರೂಲ್ ಇರೂದಿಲ್ಲ. ರೂಲ್ ಅಂದ್ರ ಎಲ್ಲಾರ್ಗೂ ರೂಲ್. ನಾಳಿ ನನಗ ತೊಂದ್ರಿ ಆದ್ರೂ ಅದ ರೂಲ್. ಹಿಡಿ."

ನೋಟೀಸಿನ ಅವಳ ಪ್ರತಿಯನ್ನು ಅವರು ಚಾಚಿದರು. ಹುಲಿಗೆಮ್ಮ ಸೊಂಟ ಬಗ್ಗಿಸಿ ಬೊಗಸೆ ಒಡ್ಡಿದಳು. ಕಾಗದ ಒಂದು ಗೇಣು ಮೇಲಿನಿಂದ ಬೊಗಸೆಗೆ ಬಿತ್ತು. ಆ ಪಂಪ್‌ಹೌಸಿನಲ್ಲಿ ಹಾಗೆಯೇ. ಗುತ್ತಿಗೆಯವರು ಸಾಹೇಬರ ಕೈಯಿಂದ ಏನನ್ನೂ ನೇರ ತೆಗೆದುಕೊಳ್ಳುವುದಿಲ್ಲ. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಹತ್ತೊಂಬತ್ತು ಸ್ಟೀಲ್ ಲೋಟ ಬೋರಲು ಹಾಕಿಟ್ಟದ್ದನ್ನೂ ಎಲ್ಲೂ ಬರೆದಿರಲಿಲ್ಲ. ಚಹಾ ಬಂದರೆ ತಮ್ಮ ಲೋಟ ತಾವೇ ತೊಳೆದು, ಹೊರಗೆ ಕುಕ್ಕರಗಾಲಲ್ಲಿ ಕೂತು ಕುಡಿದು, ಮತ್ತೆ ತೊಳೆದು ಬೋರಲು ಹಾಕಬೇಕು. ಜಂಬುನಾಥ ಅದನ್ನು ಸ್ವಚ್ಛತೆ ಅನ್ನುತ್ತಿದ್ದರು.

*

ರಾಟಿಯನ್ನು ನಡೆಸುತ್ತಿದ್ದವಳು ಶಾಹೀನಾ. ಓದಿದ ಹುಡುಗಿ, ಬಿಳಿ ಕೋಟು ಹಾಕುತ್ತಿದ್ದಳು. ಕೋಟಿನ ತೋಳಿನ ಕೆಳಗೆ ಅವಳಿಗೂ ಅದೇ ಕಪ್ಪು ಪಟ್ಟಿ. ಅವಳೂ ಗುತ್ತಿಗೆ.

"ಅಕ್ಕ, ನಿನ್ನ ಎಳಿ ನಾ ಕದ್ದು ಉಳಿಸೋಣ ಅಂದ್ರ ಆಗೂದಿಲ್ಲ. ಎಲ್ಲಾ ಕ್ಯಾಮೆರಾ," ಎಂದಳು. ನಂತರ ದನಿ ತಗ್ಗಿಸಿದಳು. "ಆದ್ರ ಒಂದು ಮಾತು ಕೇಳು. ಬಿಚ್ಚಿದ ಎಳಿಯೊಳಗ ಏನೇನ್ ಬರತೈತಿ ಗೊತ್ತೇನು? ತಲಿ ಕೆರಕೊಳ್ಳೋದು, ಬೀಡಿ ಹಚ್ಚೋದು, ಹೆಂಡ್ತಿ ಜಡಿ ಹಿಡಿಯೋದು. ನಾನ ಕುಂತು ಜ್ವಾಳದಾಗಿನ ಹಳ್ಳು ಆರಿಸಿದಂಗ ಅದನ್ನೆಲ್ಲ ಆರಿಸಿ ಹಸನ ಮಾಡ್ತೀನಿ. ಯಾವ್ದು ಕೆಲಸ, ಯಾವ್ದು ಚಟ ಅಂತ ನನ್ನ ಬೆರಳಿಗೆ ತಿಳೀತೈತಿ. ಹಸನ ಆದ ಮ್ಯಾಲ ಸಾಹೇಬ್ರ ಕೈಗೆ ತುಂಬಬೇಕು."

"ಹೂಂ."

"ನನ್ನ ಬ್ರೇಕ್ ಮುಂದಿನ ಸೋಮವಾರ. ನಿಮ್ದು ಬುಧವಾರ. ಮಂಗಳವಾರ ಈ ಕುರ್ಚ್ಯಾಗ ಕುಂದ್ರಾಕಿ ಹೊಸಬಿ. ಅಂದ್ರ ನಾನ, ಹೊಸ ಆರ್ಡರಿನ ನಾನು. ಗುಂಡಿ ಒತ್ತೋದು ಬರತೈತಿ. ಹಸನ ಮಾಡೋದು ಬರೂದಿಲ್ಲ."

ಹುಲಿಗೆಮ್ಮ ಅವಳ ಮುಖ ನೋಡಿದಳು. "ಸಾಹೇಬ್ರಿಗೆ ಹೇಳಿಲ್ಲೇನು?"

"ಹೇಳೀನಿ. ನನ್ನ ಬ್ರೇಕ್ ನಾಕು ದಿನ ಮುಂದಕ್ಕ ಹಾಕ್ರಿ ಸರ್ ಅಂದೆ. 'ಹನ್ನೊಂದು ತಿಂಗಳ ಮ್ಯಾಲ ನಾಕು ದಿನ ಆದ್ರ ನಿನ್ನ ಸೇವೆ ಸತತ ಆಕ್ಕೈತಿ, ನಾಳಿ ಕೋರ್ಟಿಗೆ ಹೋಗ್ತಿ, ನನಗ ಗೊತ್ತಿಲ್ಲೇನು' ಅಂದ್ರು. ಶುಕ್ರವಾರ ಉದ್ಘಾಟನಾ ಐತಲ್ಲ, ಗುರುವಾರ ರಾತ್ರಿ ತುಂಬಬೇಕಂತ. ಹಂಗ ತುಂಬತೀನಿ. ಹಳ್ಳು ಸಮೇತ."

ರಾಟಿಯ ಹಸಿರು ದೀಪ ಮಿನುಗುತ್ತಿತ್ತು. ಹುಲಿಗೆಮ್ಮ ಅದನ್ನೇ ನೋಡುತ್ತ ಕೇಳಿದಳು: "ಒಮ್ಮೆ ತುಂಬಿದ್ದನ್ನ ಅವ್ರ ಕೈಯಿಂದ ಹೊಳ್ಳಿ ಬಿಚ್ಚಬಹುದೇನು?"

"ರಾಟಿ ಮೊದ್ಲು ಹಾಜರಿ ಪುಸ್ತಕ ನೋಡತೈತಿ. ಆ ದಿನ ಹೆಸರು ಇದ್ರ ಬಿಚ್ಚೋದು ಚಾಲೂನ ಆಗೂದಿಲ್ಲ. ಬ್ರೇಕಿನ ದಿನ ಮಾತ್ರ ಬಿಚ್ಚತೈತಿ. ಕಾಯಂನವ್ರಿಗೆ ಬ್ರೇಕ್ ಎಲ್ಲೈತಕ್ಕ? ಒಂದು ದಿನ ಬ್ರೇಕ್ ತಗೊಂಡ್ರ ಇಪ್ಪತ್ತಾರು ವರ್ಷ ಸೊನ್ನಿ."

ನೋಟೀಸು ಬಂದ ಮೇಲೆ ಮೊದಲ ಸಲ ಹುಲಿಗೆಮ್ಮ ನಕ್ಕಳು. ನಗು ಚೆನ್ನಾಗಿರಲಿಲ್ಲ.

"ಹಂಗಂದ್ರ ನನ್ನ ಕೂಸಿನ ತುತ್ತು ಇಡಾಕ ಈ ಊರಾಗ ಒಂದ ಒಂದು ಭದ್ರ ಜಾಗ ಐತಿ. ಅವ್ನ ಕೈ."

*

ಅವತ್ತೇ ಸಂಜೆ ಏಳನೇ ಮನೆಯ ಮುಂದೆ ಹತ್ತೊಂಬತ್ತು ಮಂದಿ ಸೇರಿದರು. ಎಲ್ಲರಿಗಿಂತ ಹಿರಿಯ ಮಾರೆಪ್ಪ, ಪಟಿಕ ಕಲಸಿ ಕಲಸಿ ಬೆರಳಿನ ಗೆರೆ ಅಳಿದವನು, ಮಾತು ಕೇಳಿ ಮುಗಿಸಿ ಕೇಳಿದ:

"ಗ್ಲ್ಯಾಂಡ್ ತಪ್ಪು ಬಿಗಿಯೋದು ಕಲಸೂಣೇನು? ಪಂಪು ಸುಟ್ಟು ಹೋಗ್ಲಿ."

"ಬ್ಯಾಡ ಕಾಕಾ. ಊರು ನೀರು ಕುಡೀಬೇಕು. ಕೆಲಸ ಚಲೋನ ಹೋಗ್ಲಿ, ಕೂದಲಷ್ಟೂ ತಪ್ಪು ಬ್ಯಾಡ," ಎಂದಳು ಹುಲಿಗೆಮ್ಮ. "ಈ ಪಂಪ್‌ಹೌಸ್ ನಮ್ಮ ಕೈಗೆ ಕೆಲಸ ಅಷ್ಟ ಕಲಿಸೇತೇನು? ಬೊಗಸಿ ಒಡ್ಡೋದು ಕಲಿಸೇತಿ. ಲೋಟ ಬೋರಲು ಹಾಕೋದು ಕಲಿಸೇತಿ. ಅದನ್ನೂ ಕೊಟ್ಟುಬಿಡೂಣು. ಅವ್ರದ ಸ್ವತ್ತು. ಹದಿನೇಳನೇ ಷರತ್ತು."

ಮಾರೆಪ್ಪ ಎದ್ದು, ಟವೆಲ್ಲು ಸೊಂಟಕ್ಕೆ ಸುತ್ತಿ, ಕಂಬದ ಮುಂದೆ ಬಗ್ಗಿ ಬೊಗಸೆ ಒಡ್ಡಿದ. "ಹಾಕ್ರಿ ಸಾಹೇಬ್ರ!"

ಹಾಗೆ ಶುರುವಾಯಿತು. ಎಲ್ಲರ ಕೈಯಲ್ಲೂ ಇರುವುದು, ಇಲ್ಲವೇ ಒಬ್ಬರೇ ಆದರೂ ಹೆಚ್ಚು ಸಲ ಮಾಡಿದ್ದು ಹೊಸೆದಾಗ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಶಾಹೀನಾ ಹೇಳಿದ್ದಳು. ಒಂಬತ್ತು ದಿನ ಆ ತಗಡಿನ ಸಾಲು ಒಂದು ಗರಡಿಯಾಯಿತು. ಬೆಳಗ್ಗೆ ಕೆಲಸಕ್ಕೆ ಮುಂಚೆ ನೂರು ಬೊಗಸೆ, ಸಂಜೆ ಇನ್ನೂರು. ಕುಕ್ಕರಗಾಲು, ಲೋಟ, ತೊಳೆ, ಬೋರಲು. ವರ್ಷಗಟ್ಟಲೆ ತಲೆ ತಗ್ಗಿಸಿ ಮಾಡಿದ್ದನ್ನು ತಲೆಯೆತ್ತಿ, ಎಣಿಸುತ್ತ, ಬೆವರುತ್ತ ಮಾಡಿದರು. ಕ್ಲೋರಿನ್ ಸಿಲಿಂಡರಿನ ಈರಣ್ಣ ಬಗ್ಗುವಾಗ ನಗು ತಡೆಯದೆ ಬಿದ್ದುಬಿಡುತ್ತಿದ್ದ. "ಏ, ಚಲೋತ್ನಾಗ ಬಗ್ಗಲೇ," ಎಂದು ಮಾರೆಪ್ಪ ಬೈಯುತ್ತಿದ್ದ. "ನಿನ್ನಪ್ಪ ಬಗ್ಗಿದ್ದು ನೆನಸು. ಅವ್ನು ಬಿದ್ದಿದ್ನೇನು?" ಆಗ ಈರಣ್ಣ ನಗು ನಿಲ್ಲಿಸಿ ಬಗ್ಗುತ್ತಿದ್ದ. ಎಷ್ಟು ಆಳಕ್ಕೆ ಬಗ್ಗುತ್ತಿದ್ದನೆಂದರೆ ನೋಡಿದವರಿಗೆ ಹೆದರಿಕೆಯಾಗಬೇಕು.

ಬಾಗಿಲಲ್ಲಿ ಚಾಪೆಯ ಮೇಲೆ ಒರಗಿದ್ದ ನಾಗಿ ಇದನ್ನೆಲ್ಲ ನೋಡಿ ಕಿರುಚಿ ನಗುತ್ತಿದ್ದಳು. ಹುಲಿಗೆಮ್ಮ ಅವಳಿಗೆ ಆ ಒಂಬತ್ತು ದಿನ ತುತ್ತನ್ನು ಇನ್ನೂ ಪುಟ್ಟದು ಮಾಡಿ ಉಣಿಸಿದಳು. ಹೆಬ್ಬೆಟ್ಟು ಗದ್ದದ ಕೆಳಗೆ. ಎರಡು ಬೆರಳು ಗಂಟಲ ಮೇಲೆ. ಕಾಯಿ. ಏರುತ್ತದೆ. ಈಗ. ತನ್ನ ಬಾಯಿಗೆ ಒಂದು ಚೂರನ್ನೂ ಮೊದಲು ಹಾಕಿಕೊಳ್ಳಲಿಲ್ಲ.

ಬುಧವಾರ ಬೆಳಗ್ಗೆ ಕೊನೆಯ ತುತ್ತಾದ ಮೇಲೆ ಮಗಳ ಗಂಟಲ ಮೇಲೆ ಕೈಯಿಟ್ಟುಕೊಂಡೇ ಸ್ವಲ್ಪ ಹೊತ್ತು ಕೂತಳು. ಆಮೇಲೆ ರಾಟಿಯ ಮುಂದೆ ಹೋಗಿ ಕೈ ಚಾಚಿದಳು. ಕುರ್ಚಿಯಲ್ಲಿದ್ದ ಹೊಸ ಶಾಹೀನಾ ತಡವರಿಸುತ್ತ ಗುಂಡಿ ಒತ್ತಿದಳು. ಒಂದು ತಾಸಿನ ನಂತರ ಮಣಿಕಟ್ಟಿನ ಪಟ್ಟಿಗಳು ಕಳಚಿ ಬಿದ್ದವು. ಕೆಳಗಿನ ಚರ್ಮ ಬೆಳ್ಳಗೆ, ಹೂತಿಟ್ಟದ್ದನ್ನು ತೆಗೆದ ಹಾಗೆ ಇತ್ತು.

ಮಧ್ಯಾಹ್ನ ಜಿಲ್ಲಾ ಆಸ್ಪತ್ರೆಯಲ್ಲಿ ನಾಗಿಯ ಮೂಗಿಗೆ ನಳಿಗೆ ಹಾಕಿದರು. ನರ್ಸು, ತಾಯಪ್ಪ, ಕೊನೆಗೆ ತಾಯಿ, ಮೂವರನ್ನೂ ನಾಗಿ ಕಚ್ಚಿದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹುಲಿಗೆಮ್ಮ ಕಟ್ಟಿಕೊಂಡು ಬಂದಿದ್ದ ರೊಟ್ಟಿ ಬಿಚ್ಚಿದಳು. ಮುರಿದ ಚೂರು ನೆಟ್ಟಗೆ ಅವಳ ಬಾಯಿಗೇ ಬಂತು. ಅದು ಗೊತ್ತಾದಾಗ ಅವಳು ಅಗಿಯುವುದನ್ನು ನಿಲ್ಲಿಸಿ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಜೋರಾಗಿ ಅತ್ತಳು.

*

ಶುಕ್ರವಾರ ಮಂಡಳಿಯ ಅಧ್ಯಕ್ಷರು ಬಂದರು. ಊರಿನವರೂ ನೋಡಲಿ ಎಂದು ಕಾಂಪೌಂಡಿನ ಹೊರಗೆ ದೊಡ್ಡ ಪರದೆ ಕಟ್ಟಿದ್ದರು. ಕೆಲಸ ಕಳೆದುಕೊಂಡ ಹತ್ತೊಂಬತ್ತು ಮಂದಿ ಅದರ ಮುಂದೆ ಸಾಲಾಗಿ ಕೂತರು, ಬಯಲಾಟಕ್ಕೆ ಜಾಗ ಹಿಡಿದವರ ಹಾಗೆ.

ಪರದೆಯಲ್ಲಿ ಜಂಬುನಾಥ ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಅಂಗಿ, ಎರಡೂ ಮಣಿಕಟ್ಟಿಗೆ ಹೊಸ ಪಟ್ಟಿ. ಇಲ್ಲದ ಪಾನಾ ಹಿಡಿದಂತೆ ಅವರ ಕೈ ಗಾಳಿಯಲ್ಲಿ ತಿರುಗಿತು. ಗಾಜಿನಾಚೆ ಹಾಲ್‌ನಲ್ಲಿ ಉಕ್ಕಿನ ಕೈ ಗ್ಲ್ಯಾಂಡ್ ಬಿಗಿಯಿತು. ಎಲ್ಲರೂ ಉಸಿರು ಹಿಡಿದರು. ಒಂದು ಹನಿ. ಒಂದು ಉಸಿರು. ಇನ್ನೊಂದು ಹನಿ.

"ನನ್ನ ಕೈ," ಎಂದಳು ಹುಲಿಗೆಮ್ಮ.

ಚಪ್ಪಾಳೆ ಬಿತ್ತು. ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು. ಟ್ರೇ ಎದುರಿಗೆ ಬರುತ್ತಲೇ ಜಂಬುನಾಥರ ಕೈ ಹಿಂದೆ ಸರಿಯಿತು. ಅವರು ಅದನ್ನು ಮುಂದೆ ಚಾಚಲು ನೋಡಿದರು, ಮುಖ ಕೆಂಪಾಯಿತು. ಕೈಗಳು ಅವರನ್ನೇ ಎಳೆದುಕೊಂಡು ಎದ್ದವು. ಪಕ್ಕದ ಚೇಂಬರಿನ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇನ್ನೂ ಯಾರೂ ತೆಗೆಯದೆ ಬಿಟ್ಟಿದ್ದ ಲೋಟಗಳಲ್ಲಿ ಒಂದನ್ನು ಹಿಡಿದವು, ನಲ್ಲಿಯಲ್ಲಿ ತೊಳೆದವು, ಚಹಾಕ್ಕೆ ಒಡ್ಡಿದವು. ಟ್ರೇ ಹಿಡಿದವನು ಏನೂ ತಿಳಿಯದೆ ಸುರಿದ. ಕಾರ್ಯಪಾಲಕ ಎಂಜಿನಿಯರ್ ಹೊರಗೆ ಕುಕ್ಕರಗಾಲಲ್ಲಿ ಕೂತು ಚಹಾ ಕುಡಿದು, ಲೋಟ ತೊಳೆದು, ಬೋರಲು ಹಾಕಿದರು. ಹಾಲ್‌ನಲ್ಲಿ ಹತ್ತೊಂಬತ್ತು ಜೊತೆ ಉಕ್ಕಿನ ಕೈಗಳು ಅಲ್ಲಿರದ ಲೋಟಗಳನ್ನು ಬೋರಲು ಹಾಕಿದವು.

"ತಳ ಚಲೋ ತೊಳೀಲಿಲ್ಲ," ಎಂದ ಮಾರೆಪ್ಪ. ಪರದೆಯ ಮುಂದೆ ಯಾರೋ ಸೀಟಿ ಹೊಡೆದರು.

ಅಧ್ಯಕ್ಷರು ಇದೇನೋ ವಿನಯ ಎಂದುಕೊಂಡು ನಗುತ್ತ ಪ್ರಶಸ್ತಿಪತ್ರ ಚಾಚಿದರು. ಜಂಬುನಾಥರ ಸೊಂಟ ಬಗ್ಗಿತು. ಎರಡೂ ಕೈ ಕೂಡಿ ಮಂಡಿಯ ಮಟ್ಟಕ್ಕೆ ಇಳಿದು ಬೊಗಸೆಯಾದವು. ಅಧ್ಯಕ್ಷರು ಪತ್ರವನ್ನು ಕೈಗೆ ಕೊಡಲು ಹೋದಷ್ಟೂ ಬೊಗಸೆ ಹಿಂದೆ ಸರಿಯುತ್ತಿತ್ತು, ಮುಟ್ಟಗೊಡುತ್ತಿರಲಿಲ್ಲ. ಗಾಜಿನಾಚೆ ಹತ್ತೊಂಬತ್ತು ಉಕ್ಕಿನ ಬೊಗಸೆಗಳು ಒಡ್ಡಿಕೊಂಡು ನಿಂತಿದ್ದವು. ಆ ಹೊತ್ತಿಗೆ ಅಲ್ಲಿದ್ದವರಿಗೆಲ್ಲ ಅದು ಎಲ್ಲಿಂದ ಕಲಿತದ್ದು ಎಂದು ಗೊತ್ತಾಯಿತು. ಎಲ್ಲರೂ ಎಂದೋ ಒಮ್ಮೆ ಆ ಬೊಗಸೆಗೆ ಏನನ್ನೋ ಹಾಕಿದವರೇ.

"ಹಾಕ್ರಿ ಸಾಹೇಬ್ರ, ಹಾಕ್ರಿ!" ಮಾರೆಪ್ಪ ಎದ್ದು ನಿಂತು ಕೂಗಿದ. "ಮ್ಯಾಲಿಂದ ಹಾಕ್ರಿ! ಮುಟ್ಟಬ್ಯಾಡ್ರಿ!"

ಅಧ್ಯಕ್ಷರು ಒಂದು ಗೇಣು ಮೇಲಿನಿಂದ ಪತ್ರ ಬಿಟ್ಟರು.

*

ಕೈಗಳು ಕೆಲಸ ಮಾತ್ರ ಚೆನ್ನಾಗಿ ಮಾಡುತ್ತಿದ್ದವು. ಎದುರಿಗೆ ಮೇಲಿನವರು ಯಾರೂ ಬರದಿದ್ದರೆ ಒಂದು ಹನಿಯೂ ತಪ್ಪುತ್ತಿರಲಿಲ್ಲ. ಹಾಗಾಗಿ ಜಂಬುನಾಥರನ್ನು ಕಂಟ್ರೋಲ್ ರೂಮಿನಲ್ಲಿ ಒಬ್ಬರನ್ನೇ ಕೂರಿಸಿ ಬಾಗಿಲು ಹಾಕಿದರು. ಊರಿಗೆ ನೀರು ಬಂತು. ಅವರು ಬಿಚ್ಚಿಕೊಡಿ ಎಂದು ಅರ್ಜಿ ಬರೆದರು. ಹಿಂಬರಹ ಎರಡೇ ಸಾಲು: ತುಂಬಿದ ಕೌಶಲವನ್ನು ಸೇವೆಯಲ್ಲಿ ಬ್ರೇಕ್ ಪಡೆದವರಿಗೆ ಮಾತ್ರ ಬಿಚ್ಚಲು ಅವಕಾಶವಿದೆ, ಬ್ರೇಕ್ ಪಡೆದವರು ಹೊಸ ನೇಮಕಾತಿಯೆಂದು ಪರಿಗಣಿಸಲ್ಪಡುತ್ತಾರೆ. ಆ ನಿಯಮದ ಕರಡಿಗೆ ಒಮ್ಮೆ ಅವರೇ ಸಹಿ ಹಾಕಿದ್ದರು.

ಅವಮಾನವನ್ನಾದರೂ ನುಂಗಬಹುದಿತ್ತು. ಊಟ ನುಂಗಲಾಗುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತರೆ ಅವರ ಬಲಗೈ ಅನ್ನವನ್ನು ಕಡಲೆಕಾಳಿನಷ್ಟು ಪುಟ್ಟ ತುತ್ತು ಮಾಡಿ, ಎದುರಿಗೆ ಇಲ್ಲದ ಬಾಯಿಯ ಕಡೆ ಚಾಚಿ ನಿಲ್ಲುತ್ತಿತ್ತು. ಎಡಗೈ ಎದುರಿಗಿಲ್ಲದ ಕತ್ತನ್ನು ಆನಿಸಿಕೊಂಡು ಕಾಯುತ್ತಿತ್ತು. ಹೆಂಡತಿ ತುತ್ತು ಕೊಡಲು ಬಂದರೆ ಎರಡೂ ಕೈ ಎದ್ದು ಆಕೆಯ ಕೈ ಹಿಡಿದು ಪಕ್ಕಕ್ಕೆ ಸರಿಸುತ್ತಿದ್ದವು. ಮೊದಲು ಯಾರೋ ಉಣ್ಣಬೇಕಿತ್ತು. ಎರಡು ದಿನ ಅವರು ಕುಡಿದದ್ದು ಸ್ಟೀಲ್ ಲೋಟದ ಚಹಾ ಮಾತ್ರ. ಮೂರನೇ ದಿನ, ಹುಲಿಗೆಮ್ಮ ಚೇಂಬರಿಗೆ ಬಂದು ಕೇಳಿಕೊಂಡದ್ದನ್ನು ಅವರ ಬಾಯಿಂದ ತಿಳಿದ ಹೆಂಡತಿಯೇ ಹೇಳಿದಳು:

"ಆ ಕೂಸಿನ ಮನಿ ಎಲ್ಲೈತಿ ಕೇಳ್ಕೊಂಡು ಹೋಗ್ರಿ."

ಸೋಮವಾರ ಮಧ್ಯಾಹ್ನ ಪಂಪು ನಿಲ್ಲುವ ಹೊತ್ತಿಗೆ ಅವರು ತಗಡಿನ ಸಾಲಿಗೆ ಬಂದರು. ಇಪ್ಪತ್ತಾರು ವರ್ಷದಲ್ಲಿ ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ಹತ್ತೊಂಬತ್ತು ಬಾಗಿಲಲ್ಲೂ ಜನ ನಿಂತರು. ಯಾರೂ ದಾರಿ ತೋರಿಸಲಿಲ್ಲ. ಕೈಗಳೇ ತೋರಿಸಿದವು.

ಹುಲಿಗೆಮ್ಮ ಬಾಗಿಲಿಗೆ ಅಡ್ಡ ಕೂತಿದ್ದಳು. ಒಳಗೆ ನಾಗಿ, ಮೂಗಿನಲ್ಲಿ ನಳಿಗೆ, ಹಣೆ ಬಿಸಿ.

"ಹುಲಿಗೆಮ್ಮ ಅವರ," ಎಂದರು ಜಂಬುನಾಥ. ಹುಲಿಗೆವ್ವ ಅನ್ನುತ್ತಿದ್ದ ಬಾಯಿ ಅದು. "ನನಗ ಮೂರು ದಿನದಿಂದ ಊಟ ಇಲ್ಲ."

"ನನ್ನ ಕೂಸಿಗೆ ಐದು ದಿನದಿಂದ ಇಲ್ಲ."

"ಏನು ಮಾಡ್ಬೇಕು ಹೇಳ್ರಿ. ಆರ್ಡರ್ ಮಾಡಸ್ತೀನಿ. ನಿಮ್ಮನ್ನ ಹೊಳ್ಳಿ..."

"ಯಾವ ಆರ್ಡರು? ಹನ್ನೊಂದು ತಿಂಗಳಿಂದೇನು?" ಅವಳು ಜಾಗ ಬಿಟ್ಟು ಸರಿದಳು. "ಚಪ್ಲಿ ಹೊರಗ ಬಿಡ್ರಿ. ಕೈ ತೊಳಕೊಳ್ರಿ. ಬರ್ರಿ."

ಆಸ್ಪತ್ರೆಯಲ್ಲಿ ನೋಡಿ ಕಲಿತ ಹಾಗೆ ಅವಳು ನಳಿಗೆಯನ್ನು ಮೆಲ್ಲಗೆ ಎಳೆದು ತೆಗೆದಳು. ಗಂಜಿಯ ಬಟ್ಟಲನ್ನು ಅವರ ಮುಂದಿಟ್ಟಳು. ಜಂಬುನಾಥರ ಎಡಗೈ ತಾನಾಗಿ ನಾಗಿಯ ಕತ್ತಿನ ಕೆಳಗೆ ಹೋಯಿತು. ಬಲಗೈ ಹೆಬ್ಬೆಟ್ಟು ಗದ್ದದ ಕೆಳಗೆ ನಿಂತಿತು, ಒತ್ತಲಿಲ್ಲ. ಎರಡು ಬೆರಳು ಗಂಟಲ ಮೇಲೆ. ಅದು ದುರುಗಮ್ಮನ ಕೈ. ಹುಲಿಗೆಮ್ಮನಿಗೆ ಗುರುತು ಸಿಕ್ಕಿತು. ಇಸ್ತ್ರಿ ತೋಳಿನ ತುದಿಯಲ್ಲಿ ಅತ್ತೆಯ ಕೈ.

ನಾಗಿ ಆ ಮುಖ ನೋಡಿದಳು. ಪರಿಚಯವಿಲ್ಲದ, ಸೇರದ ಮುಖ. ತುತ್ತು ಇಡಲು ಬಾಯಿಗೆ ಬಂದ ಬೆರಳನ್ನು ಹಲ್ಲಲ್ಲಿ ಹಿಡಿದು ಬಲವಾಗಿ ಕಚ್ಚಿದಳು. ಜಂಬುನಾಥ ಅಯ್ಯೋ ಎಂದು ಕಿರುಚಿದರು. ಕಣ್ಣಲ್ಲಿ ನೀರು ಬಂತು. ಕೈ ಮಾತ್ರ ಅಲುಗಲಿಲ್ಲ. ಅದಕ್ಕೆ ಕಾಯುವುದು ಗೊತ್ತಿತ್ತು. ಬೇಜಾರಾಗಿ ನಾಗಿ ಹಲ್ಲು ಸಡಿಲಿಸಿದಳು. ಗಂಟಲು ಏರಿತು. ಕೈ ಬಾಗಿಸಿತು. ಅವಳು ನುಂಗಿದಳು.

ಒಂದು ತಾಸು ಹಿಡಿಯಿತು. ಹುಲಿಗೆಮ್ಮ ಅವರ ಮಣಿಕಟ್ಟಿನ ಮೇಲೆ ತನ್ನ ಕೈಯಿಟ್ಟುಕೊಂಡು, ಒಂದೊಂದು ತುತ್ತಿಗೂ ಬೆರಳುಗಳನ್ನು ಅವರ ಬೆರಳ ಜೊತೆ ಏರಿಸಿ ಇಳಿಸುತ್ತ ಕೂತಳು. ಪಟ್ಟಿಯಿಲ್ಲದ ಕೈ ಅದು. ಈಗ ಕಲಿತದ್ದನ್ನು ಯಾರೂ ಬಿಚ್ಚುವಂತಿರಲಿಲ್ಲ.

ಬಟ್ಟಲು ಬರಿದಾದಾಗ ಜಂಬುನಾಥರ ಕೈ ಸಡಿಲವಾಯಿತು. ತಾಯಪ್ಪ ಒಂದು ರೊಟ್ಟಿ ತಂದು ಅವರ ಕಡೆ ಚಾಚಿದ. ಅದು ಅವರ ಬೊಗಸೆಗೆ ಬಿತ್ತು. ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತು ಗಬಗಬನೆ ತಿಂದರು. ನೀರು ಕುಡಿದು, ಲೋಟ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿದರು.

"ಎಷ್ಟು ದಿನ ಹಿಂಗ?" ಎಂದು ನೆಲ ನೋಡುತ್ತ ಕೇಳಿದರು.

"ನಮ್ಮತ್ತಿ ನನಗ ಕಲಸಾಕ ನಾಕು ತಿಂಗಳು ತಗೊಂಡ್ಲು."

"ಆಮ್ಯಾಲ? ನಿಮ್ಮ ಕೈ ಕಲಿತ ಮ್ಯಾಲ? ನನ್ನ ಕೈ ಆಗಲೂ ನಿಮ್ಮ ಕೂಸಿಗೆ ಉಣಿಸದ ನನಗ ಉಣಿಸೂದಿಲ್ಲಲ್ರಿ."

ಅವಳು ಮಗಳ ಬಾಯಿ ಒರೆಸಿದಳು. ನಾಗಿ ಹೊಟ್ಟೆ ತುಂಬಿ ಬಾಗಿಲ ಕಡೆ ನೋಡುತ್ತ ಹಲ್ಲು ತೋರಿಸುತ್ತಿದ್ದಳು.

"ಆಗ ಬ್ರೇಕ್ ತಗೊಳ್ರಿ ಸಾಹೇಬ್ರ. ಒಂದ ದಿನ. ನಾ ಹದಿನಾಕು ಸಲ ತಗೊಂಡೀನಿ, ನೋವಾಗೂದಿಲ್ಲ. ಮರುದಿನ ಹೊಸಬ್ರಾಗಿ ಬರ್ರಿ, ಮಸಿ ಡಬ್ಬಿ ಅಲ್ಲೇ ಐತಿ." ಅವಳು ಎದ್ದು ಬಾಗಿಲು ಅರ್ಧ ಹಾಕಿದಳು. "ಅಲ್ಲೀತನ ಮೂರು ಹೊತ್ತು ಬರ್ರಿ. ಸಂಜಿಮುಂದ ಏಳಕ್ಕ ಅದು ಉಣ್ಣತೈತಿ. ತಡ ಮಾಡಬ್ಯಾಡ್ರಿ. ನಿಮಗ ರಜಾ ಇಲ್ಲ, ನೀವು ಕಾಯಂ."